ಪ್ರಚಲಿತ ವಿದ್ಯಮಾನ: ಮಕ್ಕಳು ಸುದ್ದಿ ಓದಿದರೆ ಸಾಲದು, ಆನ್‌ಲೈನ್‌ನಲ್ಲಿ ಹುಡುಕಿ ತಿಳಿಯಬೇಕು, ಹೇಗೆ?

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಮೈಕ್ ಮುಂದೆ ನಿಂತು ಐದು ಹೆಡ್‌ಲೈನ್ ಓದುತ್ತಾನೆ. ಬಹಳಷ್ಟು ಶಾಲೆಗಳಲ್ಲಿ ಪ್ರಚಲಿತ ವಿದ್ಯಮಾನಗಳ ಪಾಠ ಅಲ್ಲಿಗೆ ಮುಗಿಯಿತು. ಉಳಿದದ್ದು ಕ್ವಿಜ್‌ಗಾಗಿ ಬಾಯಿಪಾಠ. ಯಾರು ಗೆದ್ದರು, ಯಾವ ದೇಶದ ಅಧ್ಯಕ್ಷರು ಬದಲಾದರು ಎಂಬುದು ಮಕ್ಕಳಿಗೆ ಗೊತ್ತಿರುತ್ತದೆ. ಆದರೆ ಆ ಸುದ್ದಿ ನಿಜವೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ಇಂಟರ್ನೆಟ್ ಬಳಸಿ ಮಕ್ಕಳೇ ವಿಷಯ ಹುಡುಕಿ ಕಲಿಯುವ ವಿಧಾನ ಹೊಸದೇನಲ್ಲ. ಅಮೆರಿಕದ ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದ ಬರ್ನಿ ಡಾಡ್ಜ್ ಅವರು ಟಾಮ್ ಮಾರ್ಚ್ ಜೊತೆ ಸೇರಿ 1995ರಲ್ಲೇ 'ವೆಬ್‌ಕ್ವೆಸ್ಟ್' ಎಂಬ ಮಾದರಿ ರೂಪಿಸಿದರು. ಶಿಕ್ಷಕರು ಒಂದು ಪ್ರಶ್ನೆ ಮತ್ತು ಕೆಲವು ನಂಬಲರ್ಹ ಪುಟಗಳನ್ನು ಕೊಡುತ್ತಾರೆ. ಮಕ್ಕಳು ಗುಂಪುಗಳಾಗಿ ಬೇರೆ ಬೇರೆ ಪಾತ್ರ ವಹಿಸಿಕೊಂಡು ಮಾಹಿತಿ ತರುತ್ತಾರೆ, ಕೊನೆಗೆ ಒಟ್ಟಿಗೆ ಕುಳಿತು ಒಂದು ನಿರ್ಧಾರಕ್ಕೆ ಬರುತ್ತಾರೆ. ಗೂಗಲ್ ಹುಟ್ಟುವ ಮೊದಲಿನ ಮಾದರಿ ಇದು. ಆದರೂ ಇದರ ಮುಖ್ಯ ಗುಣ ಹಳತಾಗಿಲ್ಲ: ಕಾಪಿ ಮಾಡಿ ಅಂಟಿಸಿದರೆ ಉತ್ತರ ಸಿಗದಂಥ ಪ್ರಶ್ನೆ ಇರಬೇಕು.

ಕಾವೇರಿಯಿಂದಲೇ ಶುರು ಮಾಡಿ

ಚೆನ್ನೈನಲ್ಲಿ ಓದುವ ಕನ್ನಡದ ಮಕ್ಕಳಿಗೆ ಕಾವೇರಿ ದೂರದ ಸುದ್ದಿಯಲ್ಲ. ಮಳೆ ಕೊರತೆಯ ವರ್ಷ ಬಂದರೆ ಮನೆಯ ಟಿವಿ ಒಂದು ಹೇಳುತ್ತದೆ, ಪಕ್ಕದ ಬೆಂಚಿನ ಗೆಳೆಯನ ಮನೆಯ ಟಿವಿ ಇನ್ನೊಂದು. ಮಗು ನಡುವೆ ಸಿಕ್ಕಿಕೊಳ್ಳುತ್ತದೆ. ಇದೇ ಕಾರಣಕ್ಕೆ ಶಿಕ್ಷಕರು ಈ ವಿಷಯ ಮುಟ್ಟಲು ಹಿಂಜರಿಯುತ್ತಾರೆ. ಆದರೆ ವಾದ ಬಿಟ್ಟು ಲೆಕ್ಕದಿಂದ ಆರಂಭಿಸಿದರೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

2023ರ ಆಗಸ್ಟ್-ಸೆಪ್ಟೆಂಬರ್‌ನ ಹೆಡ್‌ಲೈನ್ ನೆನಪಿಸಿಕೊಳ್ಳಿ: 15 ದಿನ, ದಿನಕ್ಕೆ 5 ಸಾವಿರ ಕ್ಯೂಸೆಕ್ ನೀರು ಬಿಡಿ. ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆಯಿತು. ಆ 5 ಸಾವಿರ ಕ್ಯೂಸೆಕ್ ಅಂದರೆ ಎಷ್ಟು ನೀರು? ತರಗತಿಗೆ ಮೊದಲ ಪ್ರಶ್ನೆ ಇದೇ ಆಗಲಿ.

ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. ದಿನಕ್ಕೆ 86,400 ಸೆಕೆಂಡ್. ಗುಣಿಸಿದರೆ ದಿನವೊಂದಕ್ಕೆ 43.2 ಕೋಟಿ ಘನ ಅಡಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ, ಆದ್ದರಿಂದ ದಿನಕ್ಕೆ 0.432 ಟಿಎಂಸಿ, 15 ದಿನಕ್ಕೆ 6.48 ಟಿಎಂಸಿ. ಕೆಆರ್‌ಎಸ್ ಭರ್ತಿಯಾದಾಗಿನ ಸಾಮರ್ಥ್ಯ ಸುಮಾರು 49.45 ಟಿಎಂಸಿ. ಅಂದರೆ ತುಂಬಿದ ಕೆಆರ್‌ಎಸ್‌ನ ಸುಮಾರು ಶೇ.13. ಅಣೆಕಟ್ಟೆ ತುಂಬಿರದ ವರ್ಷದಲ್ಲಿ ಇದೇ 6.48 ಟಿಎಂಸಿಯ ತೂಕವೇ ಬೇರೆ. ಕ್ಯೂಸೆಕ್ ಹರಿವಿನ ವೇಗ, ಟಿಎಂಸಿ ನೀರಿನ ಪ್ರಮಾಣ ಎಂಬುದು ಗೊತ್ತಿಲ್ಲದೆ ಟಿವಿ ಚರ್ಚೆಗಳಲ್ಲಿ ಗಂಟಲು ಹರಿದುಕೊಳ್ಳುವವರಿದ್ದಾರೆ. ಒಂಬತ್ತನೇ ತರಗತಿಯ ಹುಡುಗಿ ಅವರಿಗಿಂತ ಮುಂದಿರಬಹುದು.

ಎರಡನೇ ಪ್ರಶ್ನೆ: ಯಾರ ಪಾಲು ಎಷ್ಟು, ಅದನ್ನು ಎಲ್ಲಿ ಬರೆದಿದೆ? ಇಲ್ಲಿ ಮಕ್ಕಳು ಸುದ್ದಿ ಬಿಟ್ಟು ಮೂಲ ದಾಖಲೆಗೆ ಹೋಗಬೇಕು. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು ನೀಡಿದ ತೀರ್ಪು ಆನ್‌ಲೈನ್‌ನಲ್ಲಿ ಲಭ್ಯ. ಅದರ ಪ್ರಕಾರ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ. ಸಾಮಾನ್ಯ ವರ್ಷದಲ್ಲಿ ಕರ್ನಾಟಕ ಬಿಳಿಗುಂಡ್ಲು ಬಳಿ ಹರಿಸಬೇಕಾದದ್ದು 177.25 ಟಿಎಂಸಿ. 2007ರ ನ್ಯಾಯಮಂಡಳಿ ತೀರ್ಪಿಗೆ ಹೋಲಿಸಿದರೆ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಸಿಕ್ಕಿತು, ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ.

'ಸಾಮಾನ್ಯ ವರ್ಷ' ಎಂಬ ಪದದ ಮೇಲೆ ಯಾವುದಾದರೂ ಮಗು ಬೆರಳಿಟ್ಟರೆ ಪಾಠ ಗೆದ್ದಂತೆ. ಜಗಳವಿರುವುದೇ ಅಲ್ಲಿ: ಮಳೆ ಕೈಕೊಟ್ಟ ವರ್ಷ ಕೊರತೆಯನ್ನು ಹಂಚಿಕೊಳ್ಳುವುದು ಹೇಗೆ?

ಈಗ ಪಾತ್ರ ಹಂಚಿ. ಒಂದು ಗುಂಪು ಮಂಡ್ಯದ ರೈತರು, ಇನ್ನೊಂದು ತಂಜಾವೂರಿನ ಕುರುವೈ ಭತ್ತದ ರೈತರು, ಮತ್ತೊಂದು ಬೆಂಗಳೂರಿನ ನಲ್ಲಿ ನೀರು ನಂಬಿದವರು. ಸಾಧ್ಯವಾದರೆ ಕನ್ನಡದ ಮಗು ತಂಜಾವೂರಿನ ಪರ, ತಮಿಳು ಮಗು ಮಂಡ್ಯದ ಪರ ಹುಡುಕಲಿ. ಕುರುವೈ ಬೆಳೆಗಾಗಿ ಮೆಟ್ಟೂರು ಅಣೆಕಟ್ಟೆಯನ್ನು ವಾಡಿಕೆಯಂತೆ ಜೂನ್ 12ರಂದೇ ಏಕೆ ತೆರೆಯುತ್ತಾರೆ ಎಂಬುದು ಅಂಥ ಹುಡುಕಾಟದಲ್ಲಿ ಮಾತ್ರ ಎದುರಾಗುವ ಪ್ರಶ್ನೆ. ಎರಡೂ ಭಾಷೆ ಓದಬಲ್ಲ ಮಗು ಇಡೀ ತರಗತಿಗೆ ಬೇಕಾದವನಾಗುತ್ತಾನೆ. ಹೊರರಾಜ್ಯದ ಕನ್ನಡದ ಮಕ್ಕಳಿಗೆ ಇಂಥ ಅವಕಾಶ ಪದೇ ಪದೇ ಸಿಗುವುದಿಲ್ಲ.

ಪುಟ ಬಿಟ್ಟು ಹೊರಗೆ ಬನ್ನಿ

ಮಕ್ಕಳು ತಂದ ಲಿಂಕ್ ನಂಬಬಹುದೇ? ಪುಟ ಚೆನ್ನಾಗಿದೆಯೇ, ಲೋಗೊ ಇದೆಯೇ ಎಂದು ನೋಡಿದರೆ ಸಾಕು ಎಂಬುದು ಹಳೆಯ ಸಲಹೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 45 ಮಂದಿಯನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಅವರಲ್ಲಿ 10 ಮಂದಿ ಪಿಎಚ್‌ಡಿ ಪಡೆದ ಇತಿಹಾಸಕಾರರು, 10 ಮಂದಿ ಫ್ಯಾಕ್ಟ್ ಚೆಕರ್‌ಗಳು, 25 ವಿದ್ಯಾರ್ಥಿಗಳು. ಇತಿಹಾಸಕಾರರು ಮತ್ತು ವಿದ್ಯಾರ್ಥಿಗಳು ಬಹುಪಾಲು ಅದೇ ಪುಟವನ್ನು ಮೇಲಿಂದ ಕೆಳಗೆ ಓದುತ್ತಾ ಹೋಗಿ ಎಡವಿದರು. ಫ್ಯಾಕ್ಟ್ ಚೆಕರ್‌ಗಳು ಪುಟವನ್ನು ಬೇಗ ಬಿಟ್ಟು ಬೇರೆ ಟ್ಯಾಬ್‌ಗಳಲ್ಲಿ ಈ ಸಂಸ್ಥೆ ಯಾರದ್ದು, ಉಳಿದವರು ಇದರ ಬಗ್ಗೆ ಏನೆನ್ನುತ್ತಾರೆ ಎಂದು ಹುಡುಕಿದರು. ಕಡಿಮೆ ಓದಿ ಹೆಚ್ಚು ತಿಳಿದರು. ಇದಕ್ಕೆ 'ಲ್ಯಾಟರಲ್ ರೀಡಿಂಗ್' ಎಂದು ಹೆಸರು.

ಅಭ್ಯಾಸಕ್ಕೆ 2016ರ ನವೆಂಬರ್‌ನ 'ಎರಡು ಸಾವಿರದ ನೋಟಿನಲ್ಲಿ ನ್ಯಾನೊ ಚಿಪ್' ವದಂತಿ ಕೊಡಿ. ವಾಟ್ಸಾಪ್‌ನಿಂದ ಹೊರಟ ಅದು ಟಿವಿ ಪರದೆಯನ್ನೂ ಏರಿತ್ತು. ಹೊಸ ನೋಟಿನಲ್ಲಿ ಏನೇನಿದೆ ಎಂದು ರಿಸರ್ವ್ ಬ್ಯಾಂಕ್ ಪ್ರಕಟಿಸಿದ್ದ ವಿವರದಲ್ಲಿ ಚಿಪ್ ಇರಲೇ ಇಲ್ಲ. ಎರಡನ್ನೂ ಪಕ್ಕಪಕ್ಕ ಇಡಲು ಹತ್ತು ನಿಮಿಷ ಸಾಕು. ನಮ್ಮಂಥ ಸುದ್ದಿಮನೆಯವರಿಗೂ ಆ ಪಾಠ ಬೇಕಿತ್ತು ಅನ್ನಿ.

ಇದು ಭಾರತದ ಸರ್ಕಾರಿ ಶಾಲೆಗಳಲ್ಲಿ ಆಗದ ಕೆಲಸವೂ ಅಲ್ಲ. ದಡಾರ-ರುಬೆಲ್ಲಾ ಲಸಿಕೆ ಬಗ್ಗೆ ವಾಟ್ಸಾಪ್ ವದಂತಿ ಹರಡಿ ಪೋಷಕರು ಹಿಂಜರಿದಿದ್ದ ಕೇರಳದ ಕಣ್ಣೂರಿನಲ್ಲಿ ಜಿಲ್ಲಾಡಳಿತ 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ 'ಸತ್ಯಮೇವ ಜಯತೆ' ಹೆಸರಿನಲ್ಲಿ ಸುಳ್ಳು ಸುದ್ದಿ ಗುರುತಿಸುವ ತರಗತಿ ನಡೆಸಿತು.

ತೊಡಕುಗಳು ಇವೆ

ಎಲ್ಲ ಮಕ್ಕಳ ಕೈಗೂ ಫೋನ್ ಕೊಡಬೇಕಿಲ್ಲ, ನಾಲ್ವರಿಗೆ ಒಂದು ಪರದೆ ಇದ್ದರೆ ಮಾತುಕತೆ ಚೆನ್ನಾಗಿ ನಡೆಯುತ್ತದೆ. ಏಳನೇ ತರಗತಿಯವರೆಗೆ ಶಿಕ್ಷಕರೇ ನಾಲ್ಕೈದು ಲಿಂಕ್ ಆರಿಸಿ ಕೊಡುವುದು ವಾಸಿ, ಬರೀ 'ಗೂಗಲ್ ಮಾಡಿ' ಎಂದರೆ ಅವಧಿ ಮುಗಿದರೂ ಮಕ್ಕಳು ಜಾಹೀರಾತುಗಳಲ್ಲೇ ಇರುತ್ತಾರೆ. ತೀರ್ಪುಗಳು ಇಂಗ್ಲಿಷ್‌ನಲ್ಲಿರುವುದರಿಂದ ಬೇಕಾದ ಒಂದೆರಡು ಪುಟ ಮಾತ್ರ ಬೇರ್ಪಡಿಸಿ ಕೊಡಿ. ಎಐ ಚಾಟ್‌ಬಾಟ್ ಕೊಟ್ಟ ಉತ್ತರವನ್ನೂ ವಾಟ್ಸಾಪ್ ಸಂದೇಶದಂತೆಯೇ ಪರೀಕ್ಷೆಗೆ ಒಡ್ಡಿ. ಚಾಟ್‌ಬಾಟ್ ಹೇಳಿದ ಅಂಕಿ ತೀರ್ಪಿನ ಪುಟದಲ್ಲಿ ಇದೆಯೇ ಎಂದು ಮಕ್ಕಳೇ ನೋಡಲಿ.

ಅಂಕ ಕೊಡುವಾಗ ತೀರ್ಮಾನಕ್ಕಿಂತ ದಾರಿ ನೋಡಿ. ಯಾವ ಪುಟ ತೆರೆದೆ, ಯಾವುದನ್ನು ಬಿಟ್ಟೆ, ಏಕೆ ಬಿಟ್ಟೆ, ಯಾವುದಕ್ಕೆ ಉತ್ತರ ಸಿಗಲಿಲ್ಲ ಎಂದು ಪ್ರತಿ ಗುಂಪು ಒಂದು ಪುಟ ಬರೆಯಲಿ. ಮರುದಿನದ ಪ್ರಾರ್ಥನೆಯಲ್ಲಿ ಐದು ಹೆಡ್‌ಲೈನ್ ಬದಲು ಅದನ್ನೇ ಓದಿಸಬಹುದು.