ಕಾಫಿ ಗುಡ್ಡದ ಸಮಾಧಿಗಳು

ಸಿಂಗಪುರವೆಂದೊಡನೆ ನಮಗೆ ನೆನಪಾಗುವುದು ಬಂದರು, ಮುಗಿಲು ಮುಟ್ಟುವ ಕಟ್ಟಡಗಳು, ಕಸವಿಲ್ಲದ ಬೀದಿಗಳು. ಆ ನಗರದ ನಡುವೆಯೇ, ಮ್ಯಾಕ್‌ರಿಚಿ ಜಲಾಶಯದ ಕಾಡಿಗೆ ಸಮೀಪದಲ್ಲಿ, ಸುಮಾರು ಒಂದು ಲಕ್ಷ ಚೀನೀ ಸಮಾಧಿಗಳಿರುವ ಗುಡ್ಡಸಾಲೊಂದಿದೆ. ಅದರ ಹೆಸರು ಬುಕಿತ್ ಬ್ರೌನ್. ಮಲಯ ಭಾಷೆಯಲ್ಲಿ ಬುಕಿತ್ ಎಂದರೆ ಗುಡ್ಡ. ಬ್ರೌನ್ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಆ ಗುಡ್ಡದ ಒಡೆಯನಾಗಿದ್ದ ಬ್ರಿಟಿಷ್ ವರ್ತಕ ಜಾರ್ಜ್ ಹೆನ್ರಿ ಬ್ರೌನನ ಹೆಸರು. ಹೊಕ್ಕಿಯೆನ್ ಮಾತಾಡುವ ಚೀನೀಯರು ಮಾತ್ರ ಅದನ್ನು 'ಕೋಪಿ ಸುವ', ಅಂದರೆ ಕಾಫಿ ಗುಡ್ಡ ಎಂದೇ ಕರೆದರು.

ವಲಸೆ ಬಂದ ಚೀನೀಯರಲ್ಲಿ ಕುಲಕ್ಕೊಂದು, ಆಡುಮಾತಿಗೊಂದು ಸ್ಮಶಾನವಿತ್ತು. ಈ ಗುಡ್ಡವೂ ಬ್ರೌನನ ಕಾಲದ ನಂತರ ಓಂಗ್ ಕುಲದವರಿಗೆ ಸೇರಿತ್ತು. ಯಾವ ಕುಲಸಂಘದ ಆಶ್ರಯವೂ ಇಲ್ಲದ ಕೂಲಿಯವನು ಸತ್ತರೆ ಅವನನ್ನು ಎಲ್ಲಿ ಹೂಳಬೇಕು? ಟಾನ್ ಖೀಮ್ ಹಾಕ್, ಸೀ ತಿಯೋಂಗ್ ವಾ ಮುಂತಾದ ಚೀನೀ ಮುಖಂಡರು ಪುರಸಭೆಯನ್ನು ಒತ್ತಾಯಿಸಿದ ಫಲವಾಗಿ ಓಂಗ್ ಕುಲದ ಭೂಮಿಯ ಒಂದು ಭಾಗ ಪುರಸಭೆಯ ವಶವಾಯಿತು. 1922ರ ಜನವರಿ 1ರಂದು ಇಲ್ಲಿ ಸಾರ್ವಜನಿಕ ಚೀನೀ ಸ್ಮಶಾನ ತೆರೆಯಿತು. ಕುಲವನ್ನಾಗಲಿ ಊರನ್ನಾಗಲಿ ಕೇಳದೆ ಚೀನೀಯರೆಲ್ಲರಿಗೂ ಅಲ್ಲಿ ಜಾಗ ದೊರೆಯಿತು. 1973ರಲ್ಲಿ ಹೂಳುವುದು ನಿಂತಿತು. ಈ ಅರ್ಧ ಶತಮಾನದಲ್ಲಿ ಬ್ಯಾಂಕುಗಳನ್ನು ಕಟ್ಟಿದವರೂ ರಿಕ್ಷಾ ಎಳೆದವರೂ ಒಂದೇ ಗುಡ್ಡದ ಮಣ್ಣಿಗೆ ಸೇರಿದರು.

ಚೀನೀ ಸಮಾಧಿಕಲ್ಲು ಬರಿಯ ಗುರುತಲ್ಲ, ಅದೊಂದು ಶಾಸನ. ನಡುವೆ ಮೃತರ ಹೆಸರು, ಒಂದು ಬದಿಯಲ್ಲಿ ಕಾಲ, ಮತ್ತೊಂದು ಬದಿಯಲ್ಲಿ ಮಕ್ಕಳು ಮೊಮ್ಮಕ್ಕಳ ಹೆಸರುಗಳು. ಅವುಗಳ ಜೊತೆಗೆ ಸಮುದ್ರದಾಚೆ ಬಿಟ್ಟುಬಂದ ಪೂರ್ವಿಕರ ಊರು ಅಥವಾ ಸೀಮೆಯ ಹೆಸರು. ಕಾಲವನ್ನು ಸೂಚಿಸುವ ರೀತಿಯೂ ಇತಿಹಾಸವೇ. ಹಳೆಯ ಕಲ್ಲುಗಳಲ್ಲಿ ಚಿಂಗ್ ಅರಸರ ಆಳ್ವಿಕೆಯ ವರ್ಷಗಳಿವೆ. 1912ರ ನಂತರದವುಗಳಲ್ಲಿ ಚೀನಾ ಗಣರಾಜ್ಯದ ವರ್ಷಗಳಿವೆ. 1942ರ ಫೆಬ್ರುವರಿಯಲ್ಲಿ ಸಿಂಗಪುರ ಜಪಾನೀಯರ ಕೈಗೆ ಬಿದ್ದ ಮೇಲಿನ ಕೆಲವು ಕಲ್ಲುಗಳಲ್ಲಿ ಜಪಾನಿನ ಸಾಮ್ರಾಜ್ಯ ಶಕೆಯ ವರ್ಷಗಳನ್ನು ಕಾಣಬಹುದು. ಗೆದ್ದವರ ಪಂಚಾಂಗ ಸತ್ತವರ ಕಲ್ಲನ್ನೂ ಬಿಡಲಿಲ್ಲ.

ವೀರಗಲ್ಲುಗಳನ್ನು ಕಂಡ ನಮಗೆ ಇದರ ಬೆಲೆ ಬೇಗನೆ ತಿಳಿಯುತ್ತದೆ. ಊರಿನ ತುರುಗಳನ್ನು ಕಾಯಲು ಹೋಗಿ ಮಡಿದವನ ಹೆಸರು ಯಾವ ಅರಸನ ಪ್ರಶಸ್ತಿಯಲ್ಲೂ ಸಿಗದು. ಊರಾಚೆಯ ಕಲ್ಲಿನಲ್ಲಷ್ಟೇ ಸಿಕ್ಕೀತು. ಬುಕಿತ್ ಬ್ರೌನ್‌ನ ಸಾಮಾನ್ಯ ಜನರ ಪಾಲಿಗೂ ಕಲ್ಲೇ ಕಡತ.

ಈ ಗುಡ್ಡದಲ್ಲಿ ಭಾರತದ ನೆರಳೂ ಇದೆ. ಕೆಲವು ಸಿರಿವಂತರ ಸಮಾಧಿಗಳ ಇಕ್ಕೆಲಗಳಲ್ಲಿ ಪೇಟ ಧರಿಸಿದ ಸಿಖ್ ಕಾವಲುಗಾರರ ಶಿಲ್ಪಗಳು ನಿಂತಿವೆ. ವಸಾಹತು ಸರಕಾರ ಪೊಲೀಸ್ ಕೆಲಸಕ್ಕೆ ಪಂಜಾಬಿನಿಂದ ಸಿಖ್ಖರನ್ನು ಕರೆಸಿತ್ತು. ಅನೇಕರು ವರ್ತಕರ ಮನೆ, ಗೋದಾಮುಗಳಿಗೂ ಕಾವಲಿದ್ದರು. ಅಂಥವರನ್ನು ಅಲ್ಲಿ 'ಜಾಗ' ಎಂದು ಕರೆಯುತ್ತಿದ್ದರು. ಈ ಮಲಯ ಪದದ ಮೂಲ ಸಂಸ್ಕೃತದ ಜಾಗರ; ನಮ್ಮ ಜಾಗರಣೆಯ ಬೇರೂ ಅದೇ. ಬದುಕಿದ್ದಾಗ ಬಾಗಿಲಲ್ಲಿ ಕಂಡ ಕಾವಲು ಸತ್ತ ಮೇಲೂ ಇರಲೆಂದು ಚೀನೀ ಯಜಮಾನ ಬಯಸಿದ. ಎಲ್ಲಕ್ಕಿಂತ ದೊಡ್ಡ ಸಮಾಧಿ ಓಂಗ್ ಸಾಮ್ ಲಿಯೋಂಗನದು, ಸುಮಾರು 600 ಚದರ ಮೀಟರ್. ಕ್ರಿಸ್ಮಸ್ ದ್ವೀಪದ ಫಾಸ್ಫೇಟ್ ಗಣಿಗಳಿಗೆ ಕೂಲಿಗಳನ್ನು ಒದಗಿಸಿ ಧನಿಕನಾದವನು ಅವನು. ಪಿತೃಭಕ್ತಿಯ ಇಪ್ಪತ್ತನಾಲ್ಕು ಕಥೆಗಳನ್ನು ಅವನ ಸಮಾಧಿಯ ಕಲ್ಲಿನಲ್ಲಿ ಕೊರೆಯಲಾಗಿದೆ. ಅವನು ಸಾಗಿಸಿದ ಕೂಲಿಗಳ ಕಥೆಯನ್ನು ಕೊರೆದವರಿಲ್ಲ.

ಹೂಳುವುದು ನಿಂತ ಮೇಲೆ ಕಾಡು ಮರಳಿತು. ವರ್ಷಕ್ಕೊಮ್ಮೆ ಏಪ್ರಿಲ್ ಹೊತ್ತಿಗೆ ಬರುವ ಚಿಂಗ್‌ಮಿಂಗ್ ಹಬ್ಬದಲ್ಲಿ ಕುಟುಂಬಗಳು ಬಂದು ಹಿರಿಯರ ಸಮಾಧಿಯನ್ನು ಗುಡಿಸಿ, ಎಡೆಯಿಟ್ಟು ಹೋಗುತ್ತಿದ್ದವು. ಉಳಿದ ದಿನಗಳಲ್ಲಿ ಗುಡ್ಡ ಆಲದ ಜಾತಿಯ ಮರಗಳಿಗೂ ಜರೀಗಿಡಗಳಿಗೂ ಗೂಬೆ, ಮರಕುಟಿಗ, ಗಿಡುಗಗಳಿಗೂ ಬಿಟ್ಟದ್ದಾಗಿತ್ತು. ಸಿಂಗಪುರದ ಪ್ರಕೃತಿ ಸಂಘ ಇದನ್ನು ಸಂರಕ್ಷಿತ ಕಾಡಿನ ಅಂಚಿನ ಮುಖ್ಯ ಪಕ್ಷಿನೆಲೆಯೆಂದು ವಾದಿಸಿತು. ಪರಂಪರೆಯನ್ನೂ ಪ್ರಕೃತಿಯನ್ನೂ ಇಲ್ಲಿ ಉಳಿಸಿದ್ದು ಯಾರ ಯೋಜನೆಯೂ ಅಲ್ಲ, ಮರೆವು. ಆದರೆ ಅವೆರಡರ ಹಿತ ಯಾವಾಗಲೂ ಒಂದೇ ಅಲ್ಲ. ಕಲ್ಲನ್ನು ಸೀಳುವುದು ಮರದ ಬೇರೇ; ಕಲ್ಲನ್ನು ಉಳಿಸಲೆಂದು ಗುಡ್ಡವನ್ನು ಬೋಳಿಸಿ ಉದ್ಯಾನ ಮಾಡಿದರೆ ಹಕ್ಕಿಗೆ ನೆಲೆಯಿಲ್ಲ. ಅಲ್ಪಸ್ವಲ್ಪ ಗುಡಿಸಿ ಉಳಿದುದನ್ನು ಕಾಡಿಗೆ ಬಿಡುವ ಚಿಂಗ್‌ಮಿಂಗ್ ಪದ್ಧತಿಯೇ ಎರಡಕ್ಕೂ ಹೊಂದುವ ವ್ಯವಸ್ಥೆಯಾಗಿತ್ತೆಂದು ನಮಗೆ ತೋರುತ್ತದೆ.

2011ರ ಸೆಪ್ಟೆಂಬರಿನಲ್ಲಿ ಈ ಸ್ಮಶಾನದ ಮೂಲಕ ಎಂಟು ಪಥಗಳ ರಸ್ತೆ ಹೋಗಲಿದೆಯೆಂದು ಸರಕಾರ ಪ್ರಕಟಿಸಿತು. ಉಳಿದ ನೆಲವನ್ನು ಮುಂದೆ ವಸತಿಗೆ ಬಳಸುವ ಆಲೋಚನೆಯೂ ಇತ್ತು. ಸರಕಾರದ ವಾದವನ್ನು ತಳ್ಳಿಹಾಕುವಂತಿಲ್ಲ. ಸುಮಾರು 700 ಚದರ ಕಿಲೋಮೀಟರಿನ ದ್ವೀಪದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನ ಬದುಕಬೇಕು. ಅಲ್ಲಿ ಇದು ಹೊಸತೂ ಅಲ್ಲ. ಆರ್ಚರ್ಡ್ ರಸ್ತೆಯ ದೊಡ್ಡದೊಂದು ವ್ಯಾಪಾರ ಸಂಕೀರ್ಣ ನಿಂತಿರುವುದು ಹಳೆಯ ಚೀನೀ ಸ್ಮಶಾನದ ಮೇಲೆ. ಬಿಶಾನ್ ಬಡಾವಣೆಯೂ ಹಾಗೆಯೇ. ಕ್ರೈಸ್ತರು, ಮುಸಲ್ಮಾನರು, ಹಿಂದೂಗಳು ಮಲಗಿದ್ದ ಬಿದಾದರಿ ಸ್ಮಶಾನವನ್ನು ಈ ಶತಮಾನದ ಆರಂಭದಲ್ಲಿ ತೆರವುಗೊಳಿಸಲಾಯಿತು. ಪ್ರತಿ ಬಾರಿಯೂ ಬದುಕಿರುವವರ ಅಗತ್ಯವೇ ಗೆದ್ದಿತು.

ಈ ಬಾರಿ ಮಾತ್ರ ಜನ ಸುಮ್ಮನಿರಲಿಲ್ಲ. ಸ್ವಯಂಸೇವಕರು ಗುಡ್ಡದಲ್ಲಿ ನಡಿಗೆಗಳನ್ನು ಏರ್ಪಡಿಸಿ, ಪೊದೆ ಸರಿಸಿ ಹೆಸರುಗಳನ್ನು ಓದಿ, ಮರೆತ ಅಜ್ಜಂದಿರನ್ನು ಮೊಮ್ಮಕ್ಕಳಿಗೆ ತೋರಿಸಿಕೊಟ್ಟರು. ಬೂನ್ ಲೇ ಎಂಬ ರೈಲು ನಿಲ್ದಾಣದಲ್ಲಿ ದಿನವೂ ಇಳಿಯುವವರಿಗೆ, ಆ ಹೆಸರಿನ ಉದ್ಯಮಿ ಚ್ಯೂ ಬೂನ್ ಲೇ ಈ ಗುಡ್ಡದಲ್ಲಿ ಮಲಗಿರುವುದು ಹೊಸ ಸಂಗತಿಯಾಯಿತು. 2013ರಲ್ಲಿ ವಿಶ್ವ ಸ್ಮಾರಕ ನಿಧಿ ಅಪಾಯದಲ್ಲಿರುವ ತಾಣಗಳ 2014ರ ಪಟ್ಟಿಗೆ ಬುಕಿತ್ ಬ್ರೌನ್ ಅನ್ನು ಸೇರಿಸಿತು.

ರಸ್ತೆ ನಿಲ್ಲಲಿಲ್ಲ, ಬದಲಾಯಿತು. ಮೊದಲು ಸುಮಾರು 5,000 ಸಮಾಧಿಗಳು ಹೋಗಬೇಕಿದ್ದವು. 2012ರಲ್ಲಿ ಆ ಸಂಖ್ಯೆ 3,746ಕ್ಕೆ ಇಳಿದು, ಕೊನೆಗೆ ನಾಲ್ಕು ಸಾವಿರವನ್ನು ತುಸು ದಾಟಿತು. ಹಳ್ಳದ ನೀರಿಗೂ ಪ್ರಾಣಿಗಳಿಗೂ ದಾರಿಯಿರಲೆಂದು ರಸ್ತೆಯ ಒಂದು ಭಾಗವನ್ನು ಸೇತುವೆಯಾಗಿ ಕಟ್ಟಿದರು. ಲಾರ್ನಿ ಹೆದ್ದಾರಿ 2018 ಮತ್ತು 2019ರಲ್ಲಿ ಹಂತಹಂತವಾಗಿ ತೆರೆಯಿತು. ವಾರಸುದಾರರು ಬಂದ ಅಸ್ಥಿಗಳು ದಹನವಾಗಿ ಭಸ್ಮಾಲಯಕ್ಕೆ ಸೇರಿದವು. ಯಾರೂ ಬಾರದ ಅಸ್ಥಿಗಳನ್ನು ದಹಿಸಿ, ಬೂದಿಯನ್ನು ಮೂರು ವರ್ಷ ಇಟ್ಟು, ಆಮೇಲೆ ಸಮುದ್ರಕ್ಕೆ ಬಿಡುವುದೆಂಬುದು ನಿಯಮ. ಸಮುದ್ರ ದಾಟಿ ಬಂದವರು ಸಮುದ್ರಕ್ಕೇ ಮರಳಿದಂತಾಯಿತು. ಊರಿನ ಹೆಸರಿದ್ದ ಕಲ್ಲು ಮಾತ್ರ ಜೊತೆಗೆ ಹೋಗಲಿಲ್ಲ.

ಈ ಹೋರಾಟದ ಗೆಲುವೆಂದರೆ ದಾಖಲಾತಿ. ಮಾನವಶಾಸ್ತ್ರಜ್ಞ ಹುಯಿ ಯೂ ಫೂಂಗ್ ಅವರ ನೇತೃತ್ವದ ತಂಡ ತೆರವಾಗಲಿದ್ದ ಸಮಾಧಿಗಳ ಬರಹ, ಚಿತ್ರ, ಕುಟುಂಬಗಳ ನೆನಪು, ಅಸ್ಥಿ ತೆಗೆಯುವ ವಿಧಿಗಳನ್ನೆಲ್ಲ ಸಂಗ್ರಹಿಸಿತು. ಆದರೆ ಕೆಲಸ ಆರಂಭವಾದದ್ದು ರಸ್ತೆಯ ಸುದ್ದಿ ಬಂದ ಮೇಲೆ. ಸರಕಾರಿ ಕಡತಗಳ ನಡುವೆ ಬಾಳುವ ನಮಗೆ ಗೊತ್ತು: ದಾಖಲೆಯಲ್ಲಿ ಇಲ್ಲದ್ದು ತೀರ್ಮಾನದ ಹೊತ್ತಿಗೆ ಲೆಕ್ಕಕ್ಕೂ ಇರುವುದಿಲ್ಲ. ಗುಡ್ಡದಲ್ಲಿ ಯಾರಿದ್ದಾರೆಂಬ ಪಟ್ಟಿ ಮೊದಲೇ ಸಿದ್ಧವಿದ್ದಿದ್ದರೆ ರಸ್ತೆಯ ಗೆರೆ ಬೇರೆಡೆ ಬೀಳುತ್ತಿತ್ತೋ ಏನೋ.

ಹೊರನಾಡ ಕನ್ನಡಿಗರಲ್ಲಿ ಬಹುಪಾಲು ಜನರ ಪದ್ಧತಿ ದಹನ. ಮುಂಬಯಿಗೋ ಚೆನ್ನೈಗೋ ಬದುಕನ್ನರಸಿ ಬಂದ ನಮ್ಮ ಹಿಂದಿನ ತಲೆಮಾರು ಊರಿನ ಹೆಸರಿರುವ ಕಲ್ಲನ್ನು ಬಿಟ್ಟುಹೋಗಿಲ್ಲ. ಅವರ ಗುರುತು ಉಳಿದಿರುವುದು ಸಂಘಗಳ ಸದಸ್ಯರ ಪುಸ್ತಕ, ಹಳೆಯ ಸ್ಮರಣ ಸಂಚಿಕೆ, ರಾತ್ರಿಶಾಲೆಯ ಹಾಜರಿ ಪಟ್ಟಿಗಳಲ್ಲಿ. ಅವಕ್ಕೆ ರಸ್ತೆಯ ಭಯವಿಲ್ಲ. ಗೆದ್ದಲು ಮತ್ತು ಕಟ್ಟಡದ ಪುನರ್ನಿರ್ಮಾಣದ ಭಯವುಂಟು. ನಮ್ಮ ನಮ್ಮ ಸಂಘದ ಕಪಾಟಿನಲ್ಲಿ ಏನಿದೆಯೆಂಬುದನ್ನು ಕಟ್ಟಡ ತೆರವಿನ ನೋಟೀಸು ಬರುವ ಮೊದಲೇ ಒಮ್ಮೆ ತೆರೆದು, ಓದಿ, ಪಟ್ಟಿ ಮಾಡುವುದು ಒಳ್ಳೆಯದು.