ಶಾಖಕ್ಕೆ ಹಚ್ಚಿದ ಬೆಳ್ಳಿ, ಮಾತಿಗೆ ಅಡ್ಡವಾದದ್ದು

1973ರ ಎರಡು ಘಟನೆಗಳು ಇತಿಹಾಸದ ಪುಸ್ತಕಗಳಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಸಿಗುತ್ತವೆ. ಏಪ್ರಿಲ್ 3ರಂದು ಮೊಟೊರೋಲಾದ ಎಂಜಿನಿಯರ್ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು, ಕೈಯಲ್ಲಿ ಹಿಡಿಯುವ ಮೊಬೈಲ್ ಫೋನಿನಿಂದ ಮೊದಲ ಕರೆ ಮಾಡಿದರು. ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ಕೊಡುವುದನ್ನು ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟು ಏರಿತು. ಈ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಬೇಕು ಎನ್ನುವುದು ನನ್ನ ವಾದ. ದಶಕಗಳ ನಂತರ ಅವು ಮನೆಯ ಕಿಟಕಿಯಲ್ಲೇ ಎದುರುಬದುರಾದವು.

ತೈಲ ದುಬಾರಿಯಾದಾಗ ಚಳಿ ದೇಶಗಳಿಗೆ ತಮ್ಮ ಮನೆಗಳು ಸೋರುತ್ತಿರುವುದು ಕಂಡಿತು. ಸೋರುತ್ತಿದ್ದದ್ದು ನೀರಲ್ಲ, ಶಾಖ. ಕಣ ಭೌತವಿಜ್ಞಾನಿಯಾಗಿದ್ದ ಆರ್ಥರ್ ರೋಸನ್‌ಫೆಲ್ಡ್ ತಮ್ಮ ಸಂಶೋಧನೆಯನ್ನು ಬಿಟ್ಟು ಶಕ್ತಿ ಉಳಿತಾಯದ ಕೆಲಸಕ್ಕೆ ಇಳಿದರು. ಬರ್ಕ್ಲಿಯ ಅವರ ಪ್ರಯೋಗಾಲಯದಲ್ಲಿ ಕಿಟಕಿಗಳ ಅಧ್ಯಯನ ನಡೆಯಿತು. ಗಾಜಿನ ಮೇಲೆ ಕೂದಲೆಳೆಗಿಂತ ಸಾವಿರಾರು ಪಟ್ಟು ತೆಳುವಾದ ಬೆಳ್ಳಿಯ ಲೇಪ ಹಚ್ಚಿದರೆ ಬೆಳಕು ಒಳಗೆ ಬರುತ್ತದೆ, ಕೋಣೆಯ ಶಾಖ ಕನ್ನಡಿಗೆ ಬಡಿದಂತೆ ಹಿಂದಿರುಗುತ್ತದೆ. 1980ರ ದಶಕದಲ್ಲಿ ಇಂಥ ಗಾಜು ಮಾರುಕಟ್ಟೆಗೆ ಬಂತು.

ಮುಂದಿನ ತೊಡಕಿನ ಬೀಜ 19ನೇ ಶತಮಾನದಲ್ಲೇ ಇತ್ತು. 1800ರಲ್ಲಿ ವಿಲಿಯಂ ಹರ್ಷೆಲ್ ಕೆಂಪು ಬಣ್ಣದ ಆಚೆ ಕಣ್ಣಿಗೆ ಕಾಣದ ಶಾಖಕಿರಣವನ್ನು ಗುರುತಿಸಿದ್ದರು. ಬೆಳಕು ವಿದ್ಯುತ್ಕಾಂತೀಯ ಅಲೆ ಎಂದು ಮ್ಯಾಕ್ಸ್‌ವೆಲ್ ಹೇಳಿದರು; ಅದೇ ಬಳಗದ ರೇಡಿಯೋ ಅಲೆಗಳನ್ನು ಹರ್ಟ್ಸ್ ಪ್ರಯೋಗದಲ್ಲಿ ತೋರಿಸಿದರು. ಶಾಖಕಿರಣ, ಮೊಬೈಲ್ ಸಿಗ್ನಲ್ ಎರಡೂ ಒಂದೇ ಮನೆತನದವು. ಒಂದನ್ನು ಹಿಂದಕ್ಕೆ ಕಳಿಸುವ ಬೆಳ್ಳಿ ಇನ್ನೊಂದನ್ನೂ ಕಳಿಸುತ್ತದೆ.

1970ರ ದಶಕದಲ್ಲಿ ಇದು ಯಾರನ್ನೂ ಕಾಡಲಿಲ್ಲ. ಮನೆಯೊಳಗಿನ ಫೋನು ತಂತಿಯ ಮೇಲೆ ಬರುತ್ತಿತ್ತು. ಗೋಡೆ ಎಷ್ಟು ದಪ್ಪವಿದ್ದರೇನು? ತಂತಿ ಹೋಗಿ ಮೊಬೈಲೊಂದೇ ಉಳಿದಾಗ ಲೆಕ್ಕ ಬದಲಾಯಿತು. ಫಿನ್ಲೆಂಡಿನ ಹೊಸ ಮನೆಗಳಲ್ಲಿ ಲೇಪದ ಗಾಜಿನ ಜೊತೆಗೆ ಅಲ್ಯೂಮಿನಿಯಂ ಹಾಳೆ ಹೊದಿಸಿದ ಶಾಖನಿರೋಧಕ ಹಲಗೆಗಳೂ ಬಂದವು. ತಾಂಪೆರೆಯ ಸಂಶೋಧಕರು 2010ರ ದಶಕದಲ್ಲಿ ಇಂಥ ಮನೆಗಳಲ್ಲಿ ಸಿಗ್ನಲ್ ಅಳೆದರು. ನೋಕಿಯಾ ಕಂಪನಿಯ ಮೊದಲ ಗಿರಣಿ ಶುರುವಾದದ್ದೂ ಅದೇ ಊರಿನಲ್ಲಿ! ಲೇಪದ ಗಾಜು ಸಿಗ್ನಲ್ಲನ್ನು 20ರಿಂದ 30 ಡೆಸಿಬೆಲ್ ಕುಗ್ಗಿಸಬಲ್ಲದು. ಅಂದರೆ ಹೊರಗಿನ ಬಲದ ನೂರನೇ ಒಂದು, ಕೆಲವೊಮ್ಮೆ ಸಾವಿರದ ಒಂದು ಪಾಲಷ್ಟೇ ಒಳಗೆ ಉಳಿಯುತ್ತದೆ.

ಹಾಗೆಂದು ಶಾಖ ಉಳಿಸುವುದನ್ನೇ ಬಿಡಬೇಕಿಲ್ಲ. ಶಾಖದ ಅಲೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. 900 ಮೆಗಾಹರ್ಟ್ಸ್ ಮೊಬೈಲ್ ಅಲೆ ಸುಮಾರು 33 ಸೆಂಟಿಮೀಟರ್. ಈ ಅಂತರವನ್ನೇ ಬಳಸಿಕೊಂಡು ಸ್ವಿಟ್ಜರ್ಲೆಂಡಿನ ಸಂಶೋಧಕರು ರೈಲಿನ ಕಿಟಕಿಯ ಲೇಪದಲ್ಲಿ ಲೇಸರಿನಿಂದ ಸಣ್ಣ ಗೆರೆಗಳನ್ನು ಕೊರೆದರು. ಬಹುಪಾಲು ಲೇಪ ಹಾಗೆಯೇ ಉಳಿದು ಶಾಖ ತಡೆಯಿತು, ಮಾತು ದಾಟಿತು.

ಭಾರತದಲ್ಲಿ ವಾಣಿಜ್ಯ ಕಟ್ಟಡಗಳಿಗೆ ಶಕ್ತಿ ಸಂಹಿತೆ ಬಂದದ್ದು 2007ರಲ್ಲಿ, ಮನೆಗಳಿಗೆ 2018ರಲ್ಲಿ. ನಮ್ಮ ಚಿಂತೆ ಬಿಸಿಲನ್ನು ಹೊರಗಿಡುವುದು, ಆದರೆ ಬೆಳ್ಳಿ ಅದೇ. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲೂ ಅದು ಕೂತಿದೆ. ಸಿಗ್ನಲ್ ಸಿಗದಿರುವುದು ಬರೀ ಕಿರಿಕಿರಿಯಲ್ಲ; ರಾತ್ರಿ ಎದೆನೋವು ಬಂದವರು 112ಕ್ಕೆ ಕರೆ ಮಾಡುವುದು ಅದೇ ಕೋಣೆಯಿಂದ. ಮನೆ ಕಟ್ಟುವಾಗ ಶಾಖದ ಲೆಕ್ಕದ ಪಕ್ಕದಲ್ಲೇ ಮಾತಿನ ಲೆಕ್ಕವನ್ನೂ ಬರೆಯಬೇಕು.