ತುಕ್ಕು ಹಿಡಿದ ವೆಡ್ಜ್‌ನಿಂದ ಗಾಲ್ಫ್ ಚೆಂಡು ಹಿಂದಕ್ಕೆ ಉರುಳುತ್ತದೆಯೇ? ಬ್ಯಾಕ್‌ಸ್ಪಿನ್‌ನ ನಿಜ ಮತ್ತು ಸುಳ್ಳು

ಗಾಲ್ಫ್ ಆಡದವರೂ ಇಂಥ ವಿಡಿಯೋ ನೋಡಿರುತ್ತೀರಿ. ದೂರದಿಂದ ಹೊಡೆದ ಚೆಂಡು ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಬೀಳುತ್ತದೆ. ಒಮ್ಮೆ ಮುಂದಕ್ಕೆ ಪುಟಿಯುತ್ತದೆ. ಆಮೇಲೆ ಯಾರೋ ದಾರ ಕಟ್ಟಿ ಎಳೆದ ಹಾಗೆ ಹಿಂದಕ್ಕೆ ಉರುಳಿ ಕುಳಿಯ ಹತ್ತಿರ ನಿಲ್ಲುತ್ತದೆ. ಅದರ ಜೊತೆಗೆ ಒಂದಿಷ್ಟು ಸಲಹೆಗಳೂ ಬರುತ್ತವೆ: ತುಕ್ಕು ಹಿಡಿದ ವೆಡ್ಜ್ ಬಳಸಿ, ಗೀರುಗಳಿಗೆ ಅರ ಹಾಕಿ ಚೂಪು ಮಾಡಿ, ಡಿಗ್ರಿ ಹೆಚ್ಚಿದಷ್ಟೂ ಸ್ಪಿನ್ ಹೆಚ್ಚು.

ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದಾಗ, ಅದುವರೆಗೆ ಗಾಲ್ಫ್ ನೋಡದ ಎಷ್ಟೋ ಕನ್ನಡಿಗರು ಟಿವಿ ಮುಂದೆ ಕೂತಿದ್ದರು. ಈಗ ಮಕ್ಕಳಿಗೆ ಗಾಲ್ಫ್ ಕಲಿಸುವ ಮನೆಗಳೂ ಇವೆ. ಒಂದು ಹೊಸ ವೆಡ್ಜ್‌ಗೆ ಹಲವು ಸಾವಿರ ರೂಪಾಯಿ ಬೇಕು. ಫಾರ್ವರ್ಡ್ ನಂಬಿ ಅದಕ್ಕೆ ಅರ ಹಾಕಿದರೆ ದುಡ್ಡೂ ಹೋಗುತ್ತದೆ, ಸ್ಪರ್ಧೆಯಿಂದ ಅನರ್ಹರಾಗುವ ಅಪಾಯವೂ ಇದೆ. ಹಾಗಾಗಿ ಈ ಸಲಹೆಗಳಲ್ಲಿ ಎಷ್ಟು ನಿಜವಿದೆ ಎಂದು ನೋಡೋಣ.

ವೆಡ್ಜ್ ಎಂದರೆ ಏನು?

ಹೆಸರಿನ ಅರ್ಥ ಬೆಣೆ. ಗ್ರೀನ್‌ಗೆ ಹತ್ತಿರವಿರುವಾಗ ಚೆಂಡನ್ನು ಎತ್ತರಕ್ಕೆ ಹಾರಿಸಿ, ಬಿದ್ದಲ್ಲೇ ನಿಲ್ಲಿಸಲು ಬಳಸುವ ಕ್ಲಬ್ ಇದು. ಇದರ ಮುಖ ಆಕಾಶದ ಕಡೆಗೆ ಓರೆಯಾಗಿರುತ್ತದೆ. ಈ ಓರೆಗೆ ಲಾಫ್ಟ್ ಎನ್ನುತ್ತಾರೆ. ಪಿಚಿಂಗ್ ವೆಡ್ಜ್‌ನ ಲಾಫ್ಟ್ ಸುಮಾರು 44ರಿಂದ 48 ಡಿಗ್ರಿ, ಗ್ಯಾಪ್ ವೆಡ್ಜ್ 50ರಿಂದ 52, ಸ್ಯಾಂಡ್ ವೆಡ್ಜ್ 54ರಿಂದ 58, ಲಾಬ್ ವೆಡ್ಜ್ 58ಕ್ಕೂ ಮೇಲೆ. ಮುಖದ ಮೇಲೆ ಅಡ್ಡಡ್ಡಲಾಗಿ ಸಣ್ಣ ಗೀರುಗಳಿರುತ್ತವೆ. ಅವೇ ಗ್ರೂವ್‌ಗಳು.

ಚೆಂಡು ಹಿಂದಕ್ಕೆ ತಿರುಗುವುದು ಹೇಗೆ?

ಕ್ಲಬ್ ಮತ್ತು ಚೆಂಡು ತಾಗಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಚೆಂಡು ಓರೆ ಮುಖಕ್ಕೆ ಒತ್ತಿಕೊಂಡು ಮೇಲಕ್ಕೆ ಜಾರಲು ನೋಡುತ್ತದೆ, ಘರ್ಷಣೆ ಅದನ್ನು ತಡೆಯುತ್ತದೆ. ಹೀಗೆ ತಡೆದಾಗ ಚೆಂಡು ಜಾರುವ ಬದಲು ಉರುಳತೊಡಗುತ್ತದೆ. ಆ ಉರುಳುವಿಕೆಯೇ ಬ್ಯಾಕ್‌ಸ್ಪಿನ್. ವೃತ್ತಿಪರ ಆಟಗಾರರು ಪಿಚಿಂಗ್ ವೆಡ್ಜ್‌ನಲ್ಲಿ ಪೂರ್ತಿ ಬೀಸಿ ಹೊಡೆದಾಗ ಚೆಂಡು ನಿಮಿಷಕ್ಕೆ 9,000ಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಡ್ರೈವರ್‌ನಲ್ಲಿ ಹೊಡೆದಾಗ ಇದು 3,000ಕ್ಕಿಂತ ಕಡಿಮೆ.

ಕೇರಂ ಬೋರ್ಡ್ ನೆನಪಿಸಿಕೊಳ್ಳಿ. ಪೌಡರ್ ಹಾಕಿದರೆ ಸ್ಟ್ರೈಕರ್ ಸರ್ರನೆ ಜಾರುತ್ತದೆ. ಚೆಂಡು ಮತ್ತು ವೆಡ್ಜ್ ನಡುವೆ ನೀರು, ಹುಲ್ಲಿನ ರಸ ಅಥವಾ ಮಣ್ಣು ಸೇರಿದರೂ ಹೀಗೆಯೇ. ಘರ್ಷಣೆ ಕಡಿಮೆಯಾಗಿ ಚೆಂಡು ಜಾರುತ್ತದೆ, ಸ್ಪಿನ್ ಇಳಿಯುತ್ತದೆ.

ಸುಳ್ಳು 1: ಗೀರುಗಳು ಚೆಂಡನ್ನು ಕಚ್ಚಿ ಹಿಡಿಯುತ್ತವೆ

ಇದು ಎಲ್ಲಕ್ಕಿಂತ ಹೆಚ್ಚು ಹರಡಿರುವ ತಪ್ಪು ತಿಳಿವಳಿಕೆ. ಗೀರುಗಳ ಮುಖ್ಯ ಕೆಲಸ ನಮ್ಮ ಬೈಕಿನ ಟೈರಿನ ಗೀರುಗಳ ಕೆಲಸದಂಥದ್ದೇ. ಒಣ ರಸ್ತೆಯಲ್ಲಿ ಸವೆದ ಟೈರೂ ಹಿಡಿತ ಕೊಡುತ್ತದೆ, ಮಳೆ ಬಂದಾಗ ಜಾರುತ್ತದೆ. ಏಕೆಂದರೆ ನೀರು ಹೋಗಲು ದಾರಿ ಇರುವುದಿಲ್ಲ. ವೆಡ್ಜ್‌ನ ಗೀರುಗಳೂ ನೀರು ಮತ್ತು ಹುಲ್ಲಿಗೆ ದಾರಿ ಮಾಡಿಕೊಟ್ಟು, ಲೋಹ ಚೆಂಡಿಗೆ ನೇರವಾಗಿ ತಾಗುವಂತೆ ಮಾಡುತ್ತವೆ. ಮುಖವೂ ಚೆಂಡೂ ಒಣಗಿ ಸ್ವಚ್ಛವಾಗಿದ್ದರೆ ಗೀರುಗಳ ಪಾಲು ನಾವು ಅಂದುಕೊಂಡದ್ದಕ್ಕಿಂತ ಚಿಕ್ಕದು. ಉದ್ದ ಹುಲ್ಲಿನಿಂದ ಅಥವಾ ಇಬ್ಬನಿ ಬಿದ್ದ ಬೆಳಗ್ಗೆ ಆಡುವಾಗ ಅವುಗಳ ಬೆಲೆ ಗೊತ್ತಾಗುತ್ತದೆ.

ಗೀರಿನಲ್ಲಿ ಮಣ್ಣು ತುಂಬಿದ್ದರೆ ಎಷ್ಟು ದುಬಾರಿ ವೆಡ್ಜ್ ಆದರೂ ಬೋಳು ಟೈರಿನಂತೆಯೇ.

ಸುಳ್ಳು 2: ತುಕ್ಕು ಹಿಡಿದರೆ ಸ್ಪಿನ್ ಹೆಚ್ಚುತ್ತದೆ

ಕೆಲವು ವೆಡ್ಜ್‌ಗಳು ಕ್ರೋಮ್ ಲೇಪವಿಲ್ಲದೆ ಬರುತ್ತವೆ, ಬೇಗ ತುಕ್ಕು ಹಿಡಿಯುತ್ತವೆ. ಬಿಸಿಲಿನಲ್ಲಿ ಕಣ್ಣಿಗೆ ಹೊಳೆಯುವುದಿಲ್ಲ ಎಂದು ಕೆಲವರು ಇವನ್ನು ಇಷ್ಟಪಡುತ್ತಾರೆ. ವೃತ್ತಿಪರರ ಚೀಲದಲ್ಲಿ ಇವನ್ನು ಕಂಡು ತುಕ್ಕಿನಲ್ಲೇ ಗುಟ್ಟಿದೆ ಎಂದು ಜನ ಅಂದುಕೊಂಡರು. ತೆಳು ತುಕ್ಕಿನಿಂದ ಹೇಳಿಕೊಳ್ಳುವಷ್ಟು ಸ್ಪಿನ್ ಹೆಚ್ಚುವುದಿಲ್ಲ. ತುಕ್ಕು ಆಳಕ್ಕೆ ಇಳಿದರೆ ಗೀರಿನ ಅಂಚೇ ಹಾಳಾಗುತ್ತದೆ.

ಸುಳ್ಳು 3: ಅರ ಹಾಕಿ ಚೂಪು ಮಾಡಿದರೆ ಹೊಸದರಂತಾಗುತ್ತದೆ

ಗೀರುಗಳಿಗೆ ನಿಯಮ ಇದೆ. ಅಮೆರಿಕದ ಯುಎಸ್‌ಜಿಎ ಮತ್ತು ಬ್ರಿಟನ್ನಿನ ಆರ್ ಆ್ಯಂಡ್ ಎ ಸಂಸ್ಥೆಗಳು ಗಾಲ್ಫ್ ನಿಯಮ ರೂಪಿಸುತ್ತವೆ. ಅವುಗಳ ಪ್ರಕಾರ ಗೀರಿನ ಅಗಲ 0.9 ಮಿಲಿಮೀಟರ್ ಮೀರಬಾರದು, ಆಳ ಸುಮಾರು ಅರ್ಧ ಮಿಲಿಮೀಟರ್ ಮೀರಬಾರದು. 2010ರಲ್ಲಿ ಬಂದ ನಿಯಮ ಇನ್ನೂ ಬಿಗಿ: ವೆಡ್ಜ್‌ಗಳ ಗೀರಿನ ಅಂಚು ಚೂಪಾಗಿರದೆ ಸ್ವಲ್ಪ ದುಂಡಾಗಿರಬೇಕು. ಉದ್ದ ಹುಲ್ಲಿಗೆ ಬಿದ್ದ ಚೆಂಡನ್ನೂ ವೃತ್ತಿಪರರು ಸುಲಭವಾಗಿ ನಿಲ್ಲಿಸಿಬಿಡುತ್ತಿದ್ದರು. ಗುರಿ ತಪ್ಪಿದ್ದಕ್ಕೆ ಬೆಲೆಯೇ ಇಲ್ಲದಂತಾಗಿತ್ತು ಎಂಬುದು ಇದರ ಹಿಂದಿನ ಕಾರಣ.

ಮನೆಯಲ್ಲಿ ಅರ ಹಾಕುವಾಗ ಈ ಅಳತೆ ಕಾಪಾಡುವುದು ಬಹಳ ಕಷ್ಟ. ನಿಯಮ ಮೀರಿದ ಕ್ಲಬ್‌ನಿಂದ ಸ್ಪರ್ಧೆಯಲ್ಲಿ ಒಂದು ಹೊಡೆತ ಹೊಡೆದರೂ ಅನರ್ಹತೆಯೇ ಶಿಕ್ಷೆ. ಆಡಿ ಆಡಿ ತಾನಾಗಿ ಸವೆದ ಕ್ಲಬ್‌ಗೆ ಈ ತೊಂದರೆ ಇಲ್ಲ.

ಸುಳ್ಳು 4: ಡಿಗ್ರಿ ಹೆಚ್ಚಿದಷ್ಟೂ ಸ್ಪಿನ್ ಹೆಚ್ಚು

ಒಂದು ಹಂತದವರೆಗೆ ನಿಜ. ಆಮೇಲೆ ಮುಖ ಎಷ್ಟು ಓರೆಯಾಗುತ್ತದೆಂದರೆ ಘರ್ಷಣೆಗೆ ಚೆಂಡನ್ನು ತಡೆಯಲು ಆಗುವುದಿಲ್ಲ. ಚೆಂಡು ಮುಖದ ಮೇಲೆ ಜಾರಿ ಮೇಲಕ್ಕೆ ಹಾರಿಬಿಡುತ್ತದೆ. 60 ಡಿಗ್ರಿಯ ಲಾಬ್ ವೆಡ್ಜ್ ಕೊಂಡ ಎಷ್ಟೋ ಹೊಸಬರಿಗೆ ಸ್ಪಿನ್ ಸಿಗದಿರಲು ಇದೂ ಒಂದು ಕಾರಣ.

ಕೊಳ್ಳುವಾಗ ಏನು ನೋಡಬೇಕು?

ಮೊದಲು ಲಾಫ್ಟ್‌ಗಳ ಅಂತರ. ನಿಮ್ಮ ಪಿಚಿಂಗ್ ವೆಡ್ಜ್ 46 ಡಿಗ್ರಿ ಇದ್ದರೆ ಮುಂದಿನವು 50 ಅಥವಾ 51, ಆಮೇಲೆ 55 ಅಥವಾ 56. ನಡುವೆ 4ರಿಂದ 6 ಡಿಗ್ರಿ ಇದ್ದರೆ ಸಾಕು. ಹೊಸಬರಿಗೆ ಲಾಬ್ ವೆಡ್ಜ್ ಈಗಲೇ ಬೇಕಿಲ್ಲ.

ಎರಡನೆಯದು ಬೌನ್ಸ್. ವೆಡ್ಜ್‌ನ ತಳದ ಹಿಂಭಾಗ ಮುಂದಿನ ಅಂಚಿಗಿಂತ ಎಷ್ಟು ಕೆಳಗೆ ಉಬ್ಬಿದೆ ಎಂಬ ಅಳತೆ ಇದು. ಅಮೆರಿಕದ ಜೀನ್ ಸರಾಜೆನ್ 1930ರ ದಶಕದ ಆರಂಭದಲ್ಲಿ ತಮ್ಮ ಕ್ಲಬ್‌ನ ತಳಕ್ಕೆ ಲೋಹ ಬೆಸುಗೆ ಹಾಕಿ, ಅದು ಮರಳಿನಲ್ಲಿ ಹೂತುಹೋಗದಂತೆ ಮಾಡಿದರು. 1932ರಲ್ಲಿ ಬ್ರಿಟಿಷ್ ಓಪನ್ ಗೆದ್ದರು. ಇಂದಿನ ಸ್ಯಾಂಡ್ ವೆಡ್ಜ್ ಅದರ ಮುಂದುವರಿಕೆ. ಮೆತ್ತನೆಯ ನೆಲ, ಸಡಿಲ ಮರಳು ಇದ್ದರೆ 10 ಡಿಗ್ರಿಗಿಂತ ಹೆಚ್ಚು ಬೌನ್ಸ್ ಒಳ್ಳೆಯದು. ಬೇಸಿಗೆಯಲ್ಲಿ ಕಲ್ಲಿನಂತಾಗುವ ಗಟ್ಟಿ ನೆಲಕ್ಕೆ ಕಡಿಮೆ ಬೌನ್ಸ್ ಬೇಕು. ಇಲ್ಲದಿದ್ದರೆ ಕ್ಲಬ್ ನೆಲಕ್ಕೆ ಬಡಿದು ಪುಟಿದು ಚೆಂಡಿನ ನಡುವಿಗೆ ಹೊಡೆಯುತ್ತದೆ.

ಮೂರನೆಯದು ಚೆಂಡು. ಯುರೆಥೇನ್ ಹೊದಿಕೆಯ ಚೆಂಡಿನ ಮೈ ಮೆತ್ತಗಿರುತ್ತದೆ, ಮುಖಕ್ಕೆ ಚೆನ್ನಾಗಿ ಹಿಡಿಯುತ್ತದೆ. ಅಗ್ಗದ ಗಟ್ಟಿ ಹೊದಿಕೆಯ ಚೆಂಡು ಜಾರುತ್ತದೆ. ಎಷ್ಟೋ ಸಲ ವೆಡ್ಜ್ ಬದಲಿಸುವ ಬದಲು ಚೆಂಡು ಬದಲಿಸಿದರೆ ಸಾಕು.

ಸೆಕೆಂಡ್ ಹ್ಯಾಂಡ್ ವೆಡ್ಜ್ ಕೊಳ್ಳುವುದಾದರೆ ಮುಖದ ನಡುಭಾಗದಲ್ಲಿ ಗೀರುಗಳಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಪ್ರತಿ ಗೀರಿಗೂ ಸಿಕ್ಕಿಕೊಂಡರೆ ಜೀವ ಇದೆ. ನುಣ್ಣಗೆ ಜಾರಿ ಹೋದರೆ ಅಗ್ಗಕ್ಕೆ ಸಿಕ್ಕಿದರೂ ಬಿಡಿ. ಬಂಕರ್ ಮರಳಿನಲ್ಲಿ ಹೆಚ್ಚು ಅಭ್ಯಾಸ ಮಾಡಿದ ವೆಡ್ಜ್ ಬೇಗ ಸವೆಯುತ್ತದೆ.

ಕಾಪಾಡುವುದು ಹೇಗೆ?

ಹಳೆಯ ಹಲ್ಲುಜ್ಜುವ ಬ್ರಷ್, ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ. ಇಷ್ಟೇ ಸಾಕು. ಗಟ್ಟಿಯಾದ ಮಣ್ಣನ್ನು ಮರದ ಕಡ್ಡಿಯಿಂದ ತೆಗೆಯಿರಿ, ಮೊಳೆಯಿಂದ ಬೇಡ. ಕ್ಲಬ್ಬನ್ನು ಪೂರ್ತಿ ನೀರಿನಲ್ಲಿ ನೆನೆಹಾಕಬೇಡಿ. ತಲೆಯನ್ನು ಕೋಲಿಗೆ ಸೇರಿಸುವುದು ಅಂಟು. ಹಿತ್ತಾಳೆ ಪಾತ್ರೆಗೆ ಮಾಡುವಂತೆ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಉಜ್ಜಬೇಡಿ. ಉಳಿದ ಹುಳಿಯಿಂದ ತುಕ್ಕು ಇನ್ನೂ ಬೇಗ ಹತ್ತುತ್ತದೆ. ತೊಳೆದ ಮೇಲೆ ಒರೆಸಿ ಒಣಗಿಸಿ. ಲೇಪವಿಲ್ಲದ ವೆಡ್ಜ್‌ಗೆ ತೆಳ್ಳಗೆ ಎಣ್ಣೆ ಸವರಿಟ್ಟು, ಆಡುವ ಮೊದಲು ಪೂರ್ತಿ ಒರೆಸಿ.

ಮೈದಾನದಲ್ಲಿ ಒಂದು ಬಟ್ಟೆ ಇಟ್ಟುಕೊಳ್ಳಿ, ಅರ್ಧ ಒದ್ದೆ, ಅರ್ಧ ಒಣ. ಪ್ರತಿ ಹೊಡೆತಕ್ಕೂ ಮೊದಲು ಮುಖ ಒರೆಸಿ.

ಹಾಗಾದರೆ ನಮ್ಮ ಚೆಂಡೂ ಹಿಂದಕ್ಕೆ ಬರುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಅದಕ್ಕೆ ವೇಗದ ಬೀಸು ಬೇಕು. ಕ್ಲಬ್ ಮೊದಲು ಚೆಂಡಿಗೆ, ಆಮೇಲೆ ನೆಲಕ್ಕೆ ತಾಗಬೇಕು. ಗ್ರೀನ್ ಮೆತ್ತಗಿರಬೇಕು, ಆಟಗಾರನ ಕಡೆಗೆ ಇಳಿಜಾರಿದ್ದರೆ ಇನ್ನೂ ಸುಲಭ. ಇವೆಲ್ಲ ಒಟ್ಟಿಗೆ ಸೇರಿದ ಕ್ಷಣವೇ ವಿಡಿಯೋ ಆಗುವುದು. ನಮಗೆ ನಿಮಗೆ ಬೇಕಾದದ್ದು ಹಿಂದಕ್ಕೆ ಓಡುವ ಚೆಂಡಲ್ಲ, ಬಿದ್ದಲ್ಲಿಂದ ಎರಡು ಹೆಜ್ಜೆಯೊಳಗೆ ನಿಲ್ಲುವ ಚೆಂಡು. ಅದಕ್ಕೆ ಸ್ವಚ್ಛವಾದ ಮುಖ, ಸವೆಯದ ಗೀರು, ಒಳ್ಳೆಯ ಚೆಂಡು ಮತ್ತು ಅಭ್ಯಾಸ ಸಾಕು.

ಮುಂದಿನ ಸಲ ಆ ವಿಡಿಯೋ ಗ್ರೂಪಿಗೆ ಬಂದಾಗ ಅದರ ಕೆಳಗೆ ಇಷ್ಟು ಬರೆಯಿರಿ: ಅರ ಬೇಡ, ಬ್ರಷ್ ಸಾಕು.